ಅಯನಚಲನೆ ಮತ್ತು ಭೂಅಕ್ಷದ ಓಲಾಟಗಳು: ಒಂದು ಅರ್ಥವಿವೇಚನೆ

ತನ್ನ ಸುತ್ತ ತಾನು ತಿರುಗುವ ಕಾಯವೊಂದರ ಅಕ್ಷವೇ ಮೆಲ್ಲಗೆ ದಿಕ್ಕು ಬದಲಿಸುತ್ತ ಶಂಕುವಿನ ಆಕಾರವನ್ನು ರೇಖಿಸುವುದಕ್ಕೆ ಭೌತವಿಜ್ಞಾನದಲ್ಲಿ ಪುರಸ್ಸರಣವೆಂದೂ, ಭೂಮಿಯ ಅಂಥ ಚಲನೆಯಿಂದ ವಿಷುವ ಬಿಂದುಗಳು ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ ಸರಿಯುವುದಕ್ಕೆ ಖಗೋಳಶಾಸ್ತ್ರದಲ್ಲಿ ಅಯನಚಲನೆಯೆಂದೂ ಹೆಸರು. ಇದಕ್ಕೆ ಬುಗುರಿಯ ಉದಾಹರಣೆ ಕೊಡುವುದು ರೂಢಿಯಾದರೂ ಅದು ಅರ್ಧ ಮಾತ್ರ ಸರಿ. ಗುರುತ್ವವು ಓರೆಯಾದ ಬುಗುರಿಯನ್ನು ಕೆಡವಲು ನೋಡುತ್ತದೆ. ಸೂರ್ಯಚಂದ್ರರ ಸೆಳೆತವಾದರೋ, ಧ್ರುವಗಳಿಗಿಂತ ಸುಮಾರು 21 ಕಿ.ಮೀ. ಹೆಚ್ಚು ತ್ರಿಜ್ಯವುಳ್ಳ ಸಮಭಾಜಕದ ಉಬ್ಬಿನ ಮೇಲೆ ವರ್ತಿಸಿ, 23.4 ಡಿಗ್ರಿ ವಾಲಿದ ಅಕ್ಷವನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತದೆ. ಆದುದರಿಂದಲೇ ಬುಗುರಿಯ ಅಕ್ಷವು ತಾನು ತಿರುಗುವ ದಿಕ್ಕಿನಲ್ಲೇ ಓಲಾಡಿದರೆ, ಭೂಮಿಯ ಅಕ್ಷವು ಅದಕ್ಕೆ ವಿರುದ್ಧವಾಗಿ, ಸುಮಾರು 26,000 ವರ್ಷಗಳಿಗೊಂದು ಸುತ್ತಿನಂತೆ ಚಲಿಸುತ್ತದೆ.

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಹಿಪಾರ್ಕಸ್ ಗುರುತಿಸಿದ ಈ ಚಲನೆಗೆ ಕಾರಣ ದೊರೆತದ್ದು 1687ರಲ್ಲಿ, ನ್ಯೂಟನ್ನನ ಗುರುತ್ವ ಸಿದ್ಧಾಂತದಿಂದ. ಈಗ ಪ್ರಚಲಿತವಿರುವ ಸೂರ್ಯಸಿದ್ಧಾಂತದ ಪಾಠವು ಇದನ್ನು ಪೂರ್ಣ ಪರಿಭ್ರಮಣವೆಂದು ತಿಳಿಯದೆ, 27 ಡಿಗ್ರಿಗಳಷ್ಟು ಆಚೀಚೆ ತೂಗುವ ಆಂದೋಲನವೆಂದು ತಿಳಿಯುತ್ತದೆ. ಆದರೆ ಅದು ಹೇಳುವ ವಾರ್ಷಿಕ 54 ವಿಕಲೆಗಳ ಗತಿಯು ಇಂದಿನ 50.3 ವಿಕಲೆಗಳಿಗೆ ಬಹಳ ದೂರವಿಲ್ಲ. ಸೂರ್ಯನ ಉತ್ತರಮುಖ ಗಮನವು ಡಿಸೆಂಬರ್ 21-22ಕ್ಕೇ ಆರಂಭವಾದರೂ ನಿರಯನ ಪಂಚಾಂಗದ ಮಕರ ಸಂಕ್ರಾಂತಿಯು ಜನವರಿ ಮಧ್ಯದಲ್ಲಿ ಬೀಳುವುದು ಇದೇ ಚಲನೆ ಕೂಡುತ್ತ ಬಂದ ಅಂತರದಿಂದ.

ನಿಜವಾದ ಆಂದೋಲನವೂ ಒಂದುಂಟು. ಚಂದ್ರನ ಕಕ್ಷೆಯ ಪಾತಬಿಂದುಗಳು, ಅಂದರೆ ರಾಹುಕೇತುಗಳು, 18.6 ವರ್ಷಗಳಲ್ಲಿ ಹಿಮ್ಮುಖವಾಗಿ ಒಂದು ಸುತ್ತು ಬರುವುದರಿಂದ ಚಂದ್ರನ ಸೆಳೆತ ಏರಿಳಿದು, ಅಕ್ಷದ ಓರೆಯು ಸುಮಾರು 9 ವಿಕಲೆಗಳಷ್ಟು ಹೆಚ್ಚುಕಡಿಮೆಯಾಗುತ್ತದೆ. ಜೇಮ್ಸ್ ಬ್ರಾಡ್ಲಿ 1748ರಲ್ಲಿ ಪ್ರಕಟಿಸಿದ ಈ ಚಲನೆಯೇ ನ್ಯೂಟೇಶನ್.

ಈ ಎರಡಕ್ಕೂ ಹೊರಗಿನ ಬಲವೇ ಮೂಲ. ಹೊರಬಲವಿಲ್ಲದೆಯೂ ಭೂಮಿಯ ದೇಹವು ತನ್ನ ಆವರ್ತನಾಕ್ಷದ ಸುತ್ತ ತೊನೆದಾಡಬಲ್ಲುದು, ಮತ್ತು ಈ ಕಾರಣಭೇದವನ್ನು ಬಿಟ್ಟು ಎಲ್ಲವನ್ನೂ ಬರಿದೆ ಓಲಾಟವೆನ್ನುವುದು ಶಾಸ್ತ್ರಕ್ಕೆ ಸಲ್ಲದು. ಭೂಮಿ ಪೂರ್ಣ ದೃಢಕಾಯವಾಗಿದ್ದರೆ ಅಂಥ ತೊನೆತದ ಅವಧಿ ಸುಮಾರು 305 ದಿನಗಳೆಂಬುದು ಆಯ್ಲರನ ಸಮೀಕರಣಗಳಿಂದ ಬರುವ ಫಲ. 1891ರಲ್ಲಿ ಸೆತ್ ಚಾಂಡ್ಲರ್ ಅಕ್ಷಾಂಶಗಳ ವೀಕ್ಷಣೆಯಿಂದ ಕಂಡದ್ದು ಸುಮಾರು 14 ತಿಂಗಳು. ಭೂಮಿಯ ಸ್ಥಿತಿಸ್ಥಾಪಕತೆ ಮತ್ತು ಸಾಗರಗಳ ದ್ರವತ್ವವೇ ಈ ವ್ಯತ್ಯಾಸಕ್ಕೆ ಕಾರಣವೆಂದು ಸೈಮನ್ ನ್ಯೂಕೂಂಬ್ ತೋರಿಸಿದನು. ಘರ್ಷಣೆಯಿಂದ ಕೆಲವು ದಶಕಗಳಲ್ಲಿ ಅಡಗಬೇಕಾಗಿದ್ದ ಈ ತೊನೆತವು ಉಳಿದುಬಂದಿರುವುದಕ್ಕೆ ಸಾಗರತಳದ ಒತ್ತಡದ ಏರುಪೇರುಗಳೇ ಮುಖ್ಯ ಪ್ರೇರಣೆಯೆಂದು ರಿಚರ್ಡ್ ಗ್ರಾಸ್ 2000ರಲ್ಲಿ ವಾದಿಸಿದರು.