ಕೊಳೆತದ ಕುರುಹಲ್ಲ, ಆಮ್ಲಕ್ಕೆ ಎದುರಾಳಿ: ಲೈಸಿನ್ ಡಿಕಾರ್ಬಾಕ್ಸಿಲೇಸ್‌ನ ಚರಿತ್ರೆ

ಹಾವೇರಿ, ರಾಣೆಬೆನ್ನೂರು ಸೀಮೆಯ ಹೊಲಗಳಿಂದ ಬ್ಯಾಡಗಿ ಮಾರುಕಟ್ಟೆಗೆ ಬರುವ ಮೆಣಸಿನಕಾಯಿಯನ್ನು ನೆಲದ ಮೇಲೆ ಹರವಿ ಒಣಗಿಸುವಾಗ ಹಕ್ಕಿ, ಹಲ್ಲಿ, ದೂಳಿನ ಮೂಲಕ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸೇರಬಹುದು. ಒಣ ಪದಾರ್ಥದಲ್ಲೂ ಅದು ತಿಂಗಳುಗಟ್ಟಲೆ ಬದುಕಬಲ್ಲದು. ಅದಕ್ಕೇ 25 ಗ್ರಾಂ ಖಾರದ ಪುಡಿಯಲ್ಲಿ ಅದು ಇರಲೇಕೂಡದು ಎನ್ನುವ ನಿಯಮವಿದೆ. ಅದನ್ನು ಗುರುತು ಹಿಡಿಯುವ ಪರೀಕ್ಷೆಗಳಲ್ಲಿ ಒಂದು ಲೈಸಿನ್ ಡಿಕಾರ್ಬಾಕ್ಸಿಲೇಸ್ ಕಿಣ್ವವನ್ನು ಹುಡುಕುತ್ತದೆ. ಲೈಸಿನ್ ಎಂಬ ಅಮೈನೋ ಆಮ್ಲದಿಂದ ಇಂಗಾಲದ ಡೈಆಕ್ಸೈಡನ್ನು ಬಿಡಿಸಿ ಕ್ಯಾಡವರಿನ್ ಉಳಿಸುವ ಕಿಣ್ವವಿದು. ಇದನ್ನು ಅಮೈನೋ ಆಮ್ಲ ವಿಭಜನೆಯ ಸಾಲಿಗೆ ಸೇರಿಸುವುದು ರೂಢಿ. ಆದರೆ ಬ್ಯಾಕ್ಟೀರಿಯಾ ಇದನ್ನು ಹೊಟ್ಟೆಪಾಡಿಗಿಂತ ಹೆಚ್ಚಾಗಿ ಆಮ್ಲದಿಂದ ಪಾರಾಗಲು ಬಳಸುತ್ತದೆ ಎಂಬುದನ್ನು ಇದರ ಚರಿತ್ರೆಯೇ ತೋರಿಸುತ್ತದೆ.

1885ರಲ್ಲಿ ಬರ್ಲಿನ್ನಿನ ಲುಡ್ವಿಗ್ ಬ್ರೀಗರ್ ಕೊಳೆಯುವ ದೇಹಗಳಿಂದ ಕ್ಯಾಡವರಿನ್ ಬೇರ್ಪಡಿಸಿದ. ಅಲ್ಲಿಂದ ಬಹುಕಾಲ ಕ್ಯಾಡವರಿನ್‌ನಂಥ ಅಮೈನ್‌ಗಳು ಕೊಳೆತದ ಉತ್ಪನ್ನಗಳಾಗಿಯೇ ಉಳಿದವು. ದಿಕ್ಕು ಬದಲಿಸಿದ್ದು ಕೇಂಬ್ರಿಜ್‌ನ ಅರ್ನೆಸ್ಟ್ ಗೇಲ್. ಬ್ಯಾಕ್ಟೀರಿಯಾ ಬೆಳೆಯುವ ದ್ರವ ಆಮ್ಲೀಯವಾದಾಗಲೇ ಇಂಥ ಡಿಕಾರ್ಬಾಕ್ಸಿಲೇಸ್ ಕಿಣ್ವಗಳು ಹೇರಳವಾಗುತ್ತವೆಂದು 1940ರ ದಶಕದ ಆರಂಭದಲ್ಲಿ ಆತ ಮತ್ತು ಸಹೋದ್ಯೋಗಿ ಎಪ್ಸ್ ತೋರಿಸಿದರು. ಕ್ರಿಯೆಯಲ್ಲಿ ಒಂದು ಪ್ರೋಟಾನು ಖರ್ಚಾಗುವುದರಿಂದ ಆಮ್ಲತೆ ತಗ್ಗುತ್ತದೆ. ಕೋಪನ್‌ಹೇಗನ್‌ನ ಮೊಲ್ಲರ್ 1955ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ಸಂಗತಿಯ ಮೇಲೇ ನಿಂತಿದೆ. ಮೊದಲು ಗ್ಲೂಕೋಸ್ ಹುಳಿತು ದ್ರವ ಹಳದಿಯಾಗುತ್ತದೆ, ಕಿಣ್ವವಿದ್ದರೆ ಮಾತ್ರ ಅದು ಮತ್ತೆ ನೇರಳೆಗೆ ತಿರುಗುತ್ತದೆ. ಆಮ್ಲ ಹುಟ್ಟದಿದ್ದರೆ ಪರೀಕ್ಷೆಯೇ ನಡೆಯದು. ನನ್ನ ಮಟ್ಟಿಗೆ ಯಾವ ವಾದಕ್ಕಿಂತಲೂ ಈ ಬಣ್ಣದ ತಿರುವೇ ಬಲವಾದ ಸಾಕ್ಷಿ. 1992ರಲ್ಲಿ ಇ. ಕೋಲಿಯ ಜೀನುಗಳೂ ಇದನ್ನೇ ಹೇಳಿದವು: ಹೊರಗಿನ ಆಮ್ಲ ಮತ್ತು ಲೈಸಿನ್ ಎರಡನ್ನೂ ಗ್ರಹಿಸುವ ಕ್ಯಾಡ್-ಸಿ ಪ್ರೋಟೀನು ಕಿಣ್ವವನ್ನು ಎಬ್ಬಿಸುತ್ತದೆ, ಜೊತೆಯ ಕ್ಯಾಡ್-ಬಿ ಕ್ಯಾಡವರಿನ್ ಹೊರಹಾಕಿ ಲೈಸಿನ್ ಒಳತರುತ್ತದೆ.

ಆಮ್ಲವಿಲ್ಲದೆಯೂ ಇಂಥ ಕಿಣ್ವಗಳು ಕೆಲಸ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತವೆ. 1965–66ರಲ್ಲಿ ಮಾರಿಸ್ ಮತ್ತು ಪಾರ್ಡಿ ಗುರುತಿಸಿದ ಆರ್ನಿಥೀನ್, ಆರ್ಜಿನಿನ್ ಡಿಕಾರ್ಬಾಕ್ಸಿಲೇಸ್‌ಗಳು ಜೀವಕೋಶಕ್ಕೆ ಬೇಕಾದ ಪಾಲಿಅಮೈನ್ ಕಟ್ಟುತ್ತವೆ. ಆದರೆ ಅವು ಬೇರೆ ಜೀನುಗಳ ಕಿಣ್ವಗಳು. ಅವುಗಳ ಕೆಲಸವೂ ಕಟ್ಟುವುದೇ ಹೊರತು ಒಡೆದು ಉಣ್ಣುವುದಲ್ಲ. ಇನ್ನೂ ಬಿಗಿಯಾದ ಆಕ್ಷೇಪ ಶಿಗೆಲ್ಲಾದ್ದು. ಆಮಶಂಕೆ ತರುವ ಈ ಬ್ಯಾಕ್ಟೀರಿಯಾಕ್ಕೆ ಲೈಸಿನ್ ಡಿಕಾರ್ಬಾಕ್ಸಿಲೇಸ್ ಇಲ್ಲ, ಆದರೂ ಜಠರದ ಆಮ್ಲ ದಾಟಿ ಬರುತ್ತದೆ. ಹಾಗಿದ್ದರೆ ರಕ್ಷಣೆಯ ಮಾತು ಬಿದ್ದುಹೋಗುವುದಿಲ್ಲವೇ? ಮೌರೆಲ್ಲಿ ಬಳಗ 1998ರಲ್ಲಿ ಕಳೆದುಹೋದ ಜೀನನ್ನು ಶಿಗೆಲ್ಲಾಗೆ ಮರಳಿ ಸೇರಿಸಿದಾಗ ಅದರ ರೋಗಕಾರಕ ಶಕ್ತಿ ಕುಂದಿತು. ಕ್ಯಾಡವರಿನ್ ಅದರ ವಿಷದ ಪರಿಣಾಮವನ್ನು ತಡೆಯುತ್ತಿತ್ತು. ಕಿಣ್ವ ಬಿಟ್ಟದ್ದು ಅದು ವ್ಯರ್ಥವೆಂದಲ್ಲ, ಅದರ ಉತ್ಪನ್ನ ರೋಗಕಾರಿಯ ಬದುಕಿಗೆ ಅಡ್ಡಿಯಾಯಿತೆಂದು. ಆಮ್ಲ ತಾಳಲು ಶಿಗೆಲ್ಲಾ ನೆಚ್ಚಿಕೊಂಡಿರುವುದೂ ಇನ್ನೊಂದು ಡಿಕಾರ್ಬಾಕ್ಸಿಲೇಸನ್ನೇ: ಗ್ಲುಟಮೇಟಿನಿಂದ ಇಂಗಾಲದ ಡೈಆಕ್ಸೈಡ್ ಬಿಡಿಸಿ, ಅದೇ ರೀತಿ ಪ್ರೋಟಾನು ಖರ್ಚು ಮಾಡುವ ಕಿಣ್ವ.