ಕಲೌಪಾಪ: ಬೇರ್ಪಟ್ಟವರು ಕಟ್ಟಿದ ಊರು

ಹವಾಯಿ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ವೈಕೀಕಿ ಕಡಲತೀರ, ಹೂವಿನ ಹಾರ, ಉಕುಲೇಲೆ ಮತ್ತು ಅನಾನಸು. ಓಆಹು ಮತ್ತು ಮೌಇ ದ್ವೀಪಗಳನ್ನು ಸುತ್ತಿ, ಆಲ್ಬಮ್ ತುಂಬ ಫೋಟೋ ತೆಗೆದುಕೊಂಡು ಹಿಂತಿರುಗುತ್ತೇವೆ. ಅವೆರಡರ ನಡುವೆ ಇರುವ ಮೊಲೊಕಾಯಿ ದ್ವೀಪಕ್ಕೆ ಹೋಗುವವರು ಕಡಿಮೆ. ಆ ದ್ವೀಪದ ಉತ್ತರ ದಂಡೆಯಲ್ಲಿ ನಾಲಗೆಯಂತೆ ಸಮುದ್ರಕ್ಕೆ ಚಾಚಿಕೊಂಡ ಒಂದು ಪುಟ್ಟ ಭೂಭಾಗವಿದೆ. ಅದರ ಹೆಸರು ಕಲೌಪಾಪ. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ 1,600 ಅಡಿಗೂ ಮಿಕ್ಕಿ ನೆಟ್ಟಗೆ ನಿಂತ ಬೆಟ್ಟದ ಗೋಡೆ. 1866ರಿಂದ 1969ರವರೆಗೆ ಸುಮಾರು 8,000 ಕುಷ್ಠರೋಗಿಗಳನ್ನು ಇಲ್ಲಿಗೆ ಕಳುಹಿಸಲಾಯಿತು. ಅವರಲ್ಲಿ ಹೆಚ್ಚಿನವರು ಮತ್ತೆ ಮನೆಯ ಮುಖ ನೋಡಲಿಲ್ಲ.

ಇದು ನಡೆದದ್ದೇಕೆ? ಹಡಗುಗಳಲ್ಲಿ ಬಂದ ಹೊರನಾಡಿನವರ ಜೊತೆಗೆ ಸಿಡುಬು, ದಡಾರ ಮುಂತಾದ ರೋಗಗಳೂ ಹವಾಯಿಗೆ ಬಂದವು. ಅವುಗಳ ಪರಿಚಯವೇ ಇಲ್ಲದ ಮೂಲನಿವಾಸಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಕುಷ್ಠವೂ ಹೀಗೆಯೇ ಹೊರಗಿನಿಂದ ಬಂದದ್ದು. ಗಾಬರಿಗೊಂಡ ಸರ್ಕಾರ ಕಾನೂನು ಮಾಡಿತು. 1865ರ ಜನವರಿ 3ರಂದು ದೊರೆ ಐದನೆಯ ಕಮೇಹಮೇಹ ಅದಕ್ಕೆ ಸಹಿ ಹಾಕಿದನು. ಮರುವರ್ಷ ಜನವರಿ 6ರಂದು ಮೊದಲ ತಂಡವನ್ನು, ಅಂದರೆ ಒಂಬತ್ತು ಗಂಡಸರು ಮತ್ತು ಮೂವರು ಹೆಂಗಸರನ್ನು, ಈ ಭೂಭಾಗದ ಪೂರ್ವಕ್ಕಿರುವ ಕಲವಾವೊ ಎಂಬಲ್ಲಿ ಇಳಿಸಿದರು. ಅವರೇ ಬೇಸಾಯ ಮಾಡಿ ಹೊಟ್ಟೆ ಹೊರೆದುಕೊಳ್ಳಲಿ ಎಂಬುದು ಸರ್ಕಾರದ ಲೆಕ್ಕಾಚಾರ. ಬೆರಳು ಮರಗಟ್ಟಿದವರು ಗುದ್ದಲಿ ಹಿಡಿಯುವುದು ಹೇಗೆ ಎಂದು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಹವಾಯಿಯ ಜನ ಈ ರೋಗಕ್ಕೆ ಕೊಟ್ಟ ಒಂದು ಹೆಸರಿನ ಅರ್ಥ "ಬೇರ್ಪಡಿಸುವ ಕಾಯಿಲೆ". ನಮ್ಮ ಕಡೆ ಮಹಾರೋಗ ಎನ್ನುತ್ತಿದ್ದರಷ್ಟೆ. ಅಲ್ಲಿಯವರು ಮಾತ್ರ ರೋಗ ದೇಹಕ್ಕೆ ಮಾಡುವುದನ್ನು ಬಿಟ್ಟು, ಕಾನೂನು ಸಂಸಾರಕ್ಕೆ ಮಾಡಿದ್ದನ್ನೇ ಹೆಸರಾಗಿ ಇಟ್ಟರು.

ಕಲೌಪಾಪದ ಕಥೆಯನ್ನು ಸಾಮಾನ್ಯವಾಗಿ ಫಾದರ್ ಡೇಮಿಯನ್ ಅವರ ಕಥೆಯಾಗಿಯೇ ಹೇಳುತ್ತಾರೆ. ಬೆಲ್ಜಿಯಂ ದೇಶದ ಈ ಪಾದ್ರಿ 1873ರ ಮೇ ತಿಂಗಳಲ್ಲಿ ಕಲವಾವೊಗೆ ಬಂದರು. ಮನೆ ಕಟ್ಟಿದರು, ಗಾಯ ತೊಳೆದರು, ಶವಪೆಟ್ಟಿಗೆಗಳನ್ನೂ ಮಾಡಿದರು. ಕೊನೆಗೆ ಅದೇ ರೋಗ ತಗಲಿ 1889ರ ಏಪ್ರಿಲ್ 15ರಂದು ತೀರಿಕೊಂಡರು. ಅದಕ್ಕೆ ಐದು ತಿಂಗಳ ಮೊದಲು ಬಂದಿದ್ದ ಮದರ್ ಮೇರಿಯಾನ್ ಕೋಪ್ 1918ರಲ್ಲಿ ಸಾಯುವವರೆಗೂ ಅಲ್ಲಿನ ಹೆಣ್ಣುಮಕ್ಕಳನ್ನು ನೋಡಿಕೊಂಡರು. ಇಬ್ಬರನ್ನೂ ಕ್ಯಾಥೊಲಿಕ್ ಚರ್ಚು ಸಂತರೆಂದು ಘೋಷಿಸಿದೆ: ಡೇಮಿಯನ್ ಅವರನ್ನು 2009ರಲ್ಲಿ, ಮೇರಿಯಾನ್ ಅವರನ್ನು 2012ರಲ್ಲಿ. ಅವರ ಸೇವೆಗೆ ಯಾರಾದರೂ ತಲೆಬಾಗಲೇಬೇಕು.

ಆದರೆ ಆ ಊರನ್ನು ಊರಾಗಿ ಮಾಡಿದವರು ಅಲ್ಲಿಗೆ ತಳ್ಳಲ್ಪಟ್ಟ ಜನರೇ. ಡೇಮಿಯನ್ ಬರುವುದಕ್ಕೆ ಏಳು ವರ್ಷ ಮೊದಲೇ, 1866ರಲ್ಲಿ, ರೋಗಿಗಳು ತಾವೇ ಸೇರಿ ಸಿಲೋಅಮ ಎಂಬ ಪ್ರಾಟೆಸ್ಟೆಂಟ್ ಸಭೆಯನ್ನು ಸ್ಥಾಪಿಸಿಕೊಂಡಿದ್ದರು. ರೋಗವಿಲ್ಲದಿದ್ದರೂ ಗಂಡನ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಗಂಡ ಸ್ವಇಚ್ಛೆಯಿಂದ ಹೊರಟುಬಂದದ್ದುಂಟು. ಇಂಥವರಿಗೆ "ಕೋಕುಅ", ಅಂದರೆ ನೆರವಾಗುವವರು, ಎಂದು ಹೆಸರು. ಅಡಿಗೆ, ಆರೈಕೆ, ನೀರು ಹೊರುವುದು ಎಲ್ಲವೂ ಅವರ ಕೈಯಿಂದಲೇ ನಡೆಯುತ್ತಿತ್ತು. ರೋಗಿಯಾಗಿ ಬಂದ ಆಂಬ್ರೋಸ್ ಹಚಿಸನ್ ಎಂಬಾತ ಮುಂದೆ ವಸಾಹತಿನ ಆಡಳಿತವನ್ನೇ ವಹಿಸಿಕೊಂಡನು. ರಾಜಮನೆತನದವರಿಗೂ ವಿನಾಯಿತಿ ಇರಲಿಲ್ಲ. ರಾಣಿ ಎಮ್ಮಾಳ ಸೋದರಸಂಬಂಧಿ ಪೀಟರ್ ಕಾಎಓ 1873ರಲ್ಲಿ ಇಲ್ಲಿಗೆ ಬಂದವನು. ಅವರಿಬ್ಬರೂ ಬರೆದುಕೊಂಡ ಕಾಗದಗಳು ಇಂದಿಗೂ ಉಳಿದಿವೆ.

ಅಲ್ಲಿ ಬರೀ ಅಳು ಇತ್ತೆಂದು ತಿಳಿಯಬಾರದು. ಮೀನುಗಾರಿಕೆ, ಕುದುರೆ ಸವಾರಿ, ಬ್ಯಾಂಡು, ಭಜನೆಯಂತೆ ಒಟ್ಟಾಗಿ ಕುಳಿತು ಹಾಡುವುದು ಎಲ್ಲವೂ ಇದ್ದವು. 1889ರಲ್ಲಿ ಡೇಮಿಯನ್ ತೀರಿಕೊಂಡ ಕೆಲವೇ ವಾರಗಳಲ್ಲಿ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಇಲ್ಲಿಗೆ ಬಂದು ಹೆಣ್ಣುಮಕ್ಕಳೊಡನೆ ಕ್ರೋಕೆ ಆಡಿದನು. ಹಿಂತಿರುಗಿದ ಮೇಲೆ ಅವರಿಗೊಂದು ಪಿಯಾನೋ ಕಳುಹಿಸಿದನು. 1907ರಲ್ಲಿ ಬಂದ ಜ್ಯಾಕ್ ಲಂಡನ್ ಜುಲೈ ನಾಲ್ಕರ ಹಬ್ಬದಂದು ರೋಗಿಗಳೇ ನಡೆಸಿದ ಕುದುರೆ ಮತ್ತು ಕತ್ತೆಗಳ ಓಟವನ್ನು ಕಂಡು ಬೆರಗಾಗಿ ಬರೆದಿದ್ದಾನೆ. 1916ರಲ್ಲಿ ಕಟ್ಟಿದ ಪಾಸ್ಕೋಲ್ ಹಾಲ್‌ನಲ್ಲಿ ಸಿನಿಮಾ, ನೃತ್ಯ, ಸಂಗೀತ ನಡೆಯುತ್ತಿದ್ದವು. ರಸ್ತೆಯೇ ಇಲ್ಲದ ಈ ಊರಿಗೆ ಭಾರದ ಸಾಮಾನುಗಳೆಲ್ಲ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ದೊಡ್ಡ ದೋಣಿಯಲ್ಲಿ ಬರುತ್ತವೆ. ಆ ದಿನ ಊರಿಗೆ ಊರೇ ದಕ್ಕೆಯ ಬಳಿ ಸೇರುತ್ತದೆ. ನಮ್ಮ ಹಳ್ಳಿಯ ಜಾತ್ರೆಯಂತೆಯೇ ಎನ್ನಿ.

ಇದರ ಪಕ್ಕದಲ್ಲೇ ಕಠೋರವಾದ ನಿಯಮಗಳೂ ಇದ್ದವು. ನೋಡಲು ಬಂದ ಬಂಧುಗಳು ತಂತಿಯ ಬಲೆಯ ಆಚೆ ಕುಳಿತು ಮಾತಾಡಬೇಕು. ಹುಟ್ಟಿದ ಮಗುವನ್ನು ತಾಯಿಯಿಂದ ಕೂಡಲೇ ಬೇರ್ಪಡಿಸುತ್ತಿದ್ದರು. ತಾಯಿ ಗಾಜಿನ ಕಿಟಕಿಯ ಮೂಲಕ ನೋಡಬಹುದಿತ್ತು, ಎತ್ತಿಕೊಳ್ಳುವಂತಿರಲಿಲ್ಲ.

ವೈದ್ಯನಾದ ನನಗೆ ಈ ಚರಿತ್ರೆಯಲ್ಲಿ ನಮ್ಮ ವೃತ್ತಿಯ ಪಾತ್ರವೂ ಮುಖ್ಯವೆನಿಸುತ್ತದೆ. ಡೇಮಿಯನ್ ಕಲವಾವೊಗೆ ಬಂದ 1873ರಲ್ಲಿಯೇ ನಾರ್ವೆಯ ಡಾಕ್ಟರ್ ಹ್ಯಾನ್ಸೆನ್ ಈ ರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಇದು ಶಾಪವೂ ಅಲ್ಲ, ವಂಶಪಾರಂಪರ್ಯವೂ ಅಲ್ಲ ಎಂದು ತಿಳಿದದ್ದು ದೊಡ್ಡ ಸಂಗತಿ. ಆದರೆ ಅಂಟುರೋಗ ಎಂದಾದೊಡನೆ ಪ್ರತ್ಯೇಕಿಸುವವರ ವಾದಕ್ಕೇ ಬಲ ಬಂದಿತು. ನೂರರಲ್ಲಿ ಸುಮಾರು 95 ಜನರಿಗೆ ಇದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆಯೆಂಬುದು ತಿಳಿದದ್ದು ಬಹಳ ತಡವಾಗಿ. 1884ರಲ್ಲಿ ಡಾಕ್ಟರ್ ಆರ್ನಿಂಗ್ ಎಂಬವರು ಮರಣದಂಡನೆಗೆ ಗುರಿಯಾಗಿದ್ದ ಕೇಅನು ಎಂಬ ಕೈದಿಯ ತೋಳಿಗೆ ರೋಗದ ಅಂಶವನ್ನೇ ಸೇರಿಸಿ ಪ್ರಯೋಗ ನಡೆಸಿದರು. ಅವನ ಪ್ರಾಣ ಉಳಿಸಿದ್ದೇ ಆ ಒಪ್ಪಂದದ ಬೆಲೆ. ಮುಂದೆ ಅಮೆರಿಕ ಸರ್ಕಾರ 1909ರಲ್ಲಿ ಕಲವಾವೊದಲ್ಲಿ ಭಾರೀ ಸಂಶೋಧನಾ ಆಸ್ಪತ್ರೆ ತೆರೆಯಿತು. ಅದರೊಳಗೆ ಮತ್ತೊಂದು ಸೆರೆವಾಸ ಅನುಭವಿಸಲು ಒಪ್ಪಿದವರು ಒಂಬತ್ತೇ ಮಂದಿ. 1913ರಲ್ಲಿ ಅದು ಮುಚ್ಚಿತು. ರೋಗಿಯ ವಿಶ್ವಾಸವಿಲ್ಲದೆ ಎಷ್ಟು ದೊಡ್ಡ ಆಸ್ಪತ್ರೆ ಕಟ್ಟಿದರೇನು?

ಆ ಕಾಲದ ಮದ್ದೆಂದರೆ ಚಾಲ್‌ಮೂಗ್ರ ಎಣ್ಣೆ. ಅದೇ ಕುಲದ ಮರ ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ದಡದಲ್ಲಿಯೂ ಬೆಳೆಯುತ್ತದೆ, ಕನ್ನಡದಲ್ಲಿ ಗರುಡಫಲ. ಅಂಟಂಟಾದ ಆ ಎಣ್ಣೆಯನ್ನು ಚುಚ್ಚುಮದ್ದಾಗಿ ಕೊಡುವಂತೆ ಮಾಡಿದವಳು ಆಲಿಸ್ ಬಾಲ್ ಎಂಬ ಕಪ್ಪು ಜನಾಂಗದ ತರುಣಿ. ಹವಾಯಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಆಕೆ 1916ರಲ್ಲಿ, 24ನೆಯ ವಯಸ್ಸಿನಲ್ಲೇ ತೀರಿಕೊಂಡಳು. ಆಕೆಯ ವಿಧಾನ ಬಹುಕಾಲ ಬೇರೆಯವರ ಹೆಸರಿನಲ್ಲಿ ನಡೆಯಿತು. ನಿಜವಾದ ಗುಣ ಕಂಡದ್ದು 1946ರಲ್ಲಿ ಸಲ್ಫೋನ್ ಔಷಧಿಗಳು ಕಲೌಪಾಪಕ್ಕೆ ಬಂದಾಗ. ಆದರೂ ಪ್ರತ್ಯೇಕಿಸುವ ಕಾನೂನು ರದ್ದಾದದ್ದು 1969ರಲ್ಲಿ, ಔಷಧಿ ಬಂದ 23 ವರ್ಷಗಳ ನಂತರ!

ಬಾಗಿಲು ತೆರೆದ ಮೇಲೂ ಅನೇಕರು ಹೊರಡಲಿಲ್ಲ. ಗೆಳೆಯರು, ಗಂಡ ಹೆಂಡಿರು, ಸಮಾಧಿಗಳು ಎಲ್ಲವೂ ಅಲ್ಲಿಯೇ ಇದ್ದವು. 1980ರಲ್ಲಿ ಆ ಜಾಗ ರಾಷ್ಟ್ರೀಯ ಚಾರಿತ್ರಿಕ ಉದ್ಯಾನವಾಯಿತು. ಅಲ್ಲಿ ಬದುಕಿದ್ದವರು ಜೀವಮಾನವಿಡೀ ಅಲ್ಲೇ ಇರಬಹುದೆಂಬ ಭರವಸೆಯನ್ನೂ ಕೊಡಲಾಯಿತು. ಈಗ ಉಳಿದಿರುವವರು ಬೆರಳೆಣಿಕೆಯಷ್ಟು. ಅಲ್ಲಿಗೆ ಬಂದ 8,000 ಜನರಲ್ಲಿ ಗುರುತಿರುವ ಸಮಾಧಿಗಳು ಸಾವಿರದ ಚಿಲ್ಲರೆ ಮಾತ್ರ. ಉಳಿದವರ ಹೆಸರುಗಳನ್ನೂ ಕೆತ್ತಿಸಬೇಕೆಂದು ವಂಶಜರು ಹೋರಾಡಿದರು. ಅಂಥ ಸ್ಮಾರಕಕ್ಕೆ 2009ರಲ್ಲಿ ಅಮೆರಿಕದ ಕಾನೂನು ಅನುಮತಿ ಕೊಟ್ಟಿತು.

ಇದು ಯಾವುದೋ ದೂರದ ದ್ವೀಪದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಭಾರತದಲ್ಲಿ 1898ರಲ್ಲಿ ಮಾಡಿದ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಕಾನೂನು ಬದಲಾದದ್ದು 2019ರಲ್ಲಿ. ಆರು ತಿಂಗಳಿಂದ ಒಂದು ವರ್ಷ ಮಾತ್ರೆ ನುಂಗಿದರೆ ಪೂರ್ತಿ ಗುಣವಾಗುವ ಈ ರೋಗದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಭಾರತದವರು. ಮಚ್ಚೆ ಕಂಡರೂ ಆಸ್ಪತ್ರೆಗೆ ಹೋಗದೆ ಮುಚ್ಚಿಡುವುದಕ್ಕೆ ಕಾರಣ ರೋಗಕ್ಕಿಂತ ಹೆಚ್ಚಾಗಿ ನೆರೆಹೊರೆಯವರ ಭಯ.

ಮುಂದೆ ಎಂದಾದರೂ ಹವಾಯಿಗೆ ಹೋದಾಗ ಒಂದು ದಿನವನ್ನು ಮೊಲೊಕಾಯಿಗೆ ಮೀಸಲಿಡಿ. ಪಾಲಾಅವು ಉದ್ಯಾನದ ಅಂಚಿನಲ್ಲಿ ನಿಂತರೆ ಕಲೌಪಾಪ ಇಡಿಯಾಗಿ ಕೆಳಗೆ ಕಾಣುತ್ತದೆ. ಅಲ್ಲಿಂದ ನೋಡುವಾಗ ಡೇಮಿಯನ್ ಅವರ ಹೆಸರಿನ ಜೊತೆಗೆ, ಹೆಸರಿಲ್ಲದ ಆ ಕೋಕುಅಗಳನ್ನೂ ನೆನೆಯೋಣ.