ಇಂಟರಪ್ಟ್ ನಿರ್ವಹಣೆ: ರಿಯಲ್ ಟೈಮ್ ವ್ಯವಸ್ಥೆಗಳಲ್ಲಿ

ಪ್ರೊಸೆಸರ್ ಒಂದು ಕೆಲಸದಲ್ಲಿ ತೊಡಗಿರುವಾಗ ಹೊರಗಿನ ಸಾಧನವೊಂದು ಅದನ್ನು ತಡೆದು ಕರೆಯುವ ಸಂಕೇತವೇ ಹಾರ್ಡ್‌ವೇರ್ ಇಂಟರಪ್ಟ್. ಕರೆ ಬಂದಾಗ ಪ್ರೊಸೆಸರ್ ತಾನಿದ್ದ ಜಾಗವನ್ನು ಗುರುತಿಟ್ಟುಕೊಂಡು, ಆ ಸಾಧನಕ್ಕೆಂದೇ ಬರೆದ ಪುಟ್ಟ ಪ್ರೋಗ್ರಾಮನ್ನು ಓಡಿಸಿ, ಬಿಟ್ಟ ಕೆಲಸಕ್ಕೆ ಮರಳುತ್ತದೆ. ಆ ಪ್ರೋಗ್ರಾಮಿಗೆ ಇಂಟರಪ್ಟ್ ಸರ್ವಿಸ್ ರೂಟೀನ್, ಚಿಕ್ಕದಾಗಿ ಐಎಸ್‌ಆರ್ ಎಂದು ಹೆಸರು. ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇನ್ನೊಂದು ಕರಾರೂ ಇದೆ: ಎಷ್ಟೇ ತಡವಾದರೂ ಇಂತಿಷ್ಟು ಸಮಯದೊಳಗೆ ಕೆಲಸ ಆಗಲೇಬೇಕು. ಇಲ್ಲಿ ಸರಾಸರಿ ವೇಗವನ್ನು ಯಾರೂ ಕೇಳುವುದಿಲ್ಲ, ಗರಿಷ್ಠ ವಿಳಂಬ ಎಷ್ಟೆಂದು ಕೇಳುತ್ತಾರೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ನಾಲ್ಕನೇ ಸೆಮಿಸ್ಟರಿನ ಲ್ಯಾಬ್‌ಗೆ ಎಲ್‌ಪಿಸಿ2148 ಚಿಪ್‌ನ ಪ್ರಯೋಗಗಳಿದ್ದವು. ಬಾಹ್ಯ ಇಂಟರಪ್ಟ್‌ನಿಂದ ಎಲ್‌ಇಡಿಯನ್ನು ಹೊತ್ತಿಸಿ ಆರಿಸುವುದು ಅವುಗಳಲ್ಲೊಂದು. ಈ ವಿಷಯ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ. ಇಂಟರಪ್ಟ್ ಕಳಿಸುವ ಗುಂಡಿಯನ್ನು ಒತ್ತಿದಾಗ ಅದರೊಳಗಿನ ಲೋಹದ ಪಟ್ಟಿ ಒಮ್ಮೆಗೇ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡು ಅದುರುತ್ತದೆ. ಬೆರಳು ಒತ್ತಿದ್ದು ಒಂದು ಸಲ, ಚಿಪ್ ಎಣಿಸಿದ್ದು ನಾಲ್ಕು ಸಲ. ದೀಪ ಮೊದಲಿದ್ದ ಹಾಗೇ ಉಳಿಯುತ್ತದೆ, ವಿದ್ಯಾರ್ಥಿ ತಂತಿ ಸಡಿಲವೆಂದು ಹುಡುಕುತ್ತಾನೆ. ಐಎಸ್‌ಆರ್ ಮುಗಿಯುವ ಮುನ್ನ ಸಂಕೇತದ ಗುರುತನ್ನು ಅಳಿಸುವುದು ಮರೆತರೆ ಅದೇ ಇಂಟರಪ್ಟ್ ಮತ್ತೆ ಮತ್ತೆ ಬರುತ್ತದೆ. ಮುಖ್ಯ ಪ್ರೋಗ್ರಾಮ್‌ಗೆ ಸರದಿಯೇ ಸಿಗದು.

ಐಎಸ್‌ಆರ್ ಚಿಕ್ಕದಿರಬೇಕು ಎಂಬ ನಿಯಮಕ್ಕೆ ಕಾರಣ ಲೆಕ್ಕದಲ್ಲಿದೆ. ಸೀರಿಯಲ್ ತಂತಿಯಲ್ಲಿ 1,15,200 ಬಾಡ್ ವೇಗದಲ್ಲಿ ಡೇಟಾ ಬರುತ್ತಿದೆ ಎನ್ನಿ. ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ ಸೇರಿ ಒಂದು ಬೈಟ್‌ಗೆ 10 ಬಿಟ್, ಅಂದರೆ ಸುಮಾರು 87 ಮೈಕ್ರೊಸೆಕೆಂಡಿಗೆ ಒಂದು ಬೈಟ್. ಒಂದೇ ಬೈಟ್ ಹಿಡಿಯುವ ಚಿಪ್‌ನಲ್ಲಿ ಬೇರೊಂದು ಐಎಸ್‌ಆರ್ 200 ಮೈಕ್ರೊಸೆಕೆಂಡು ಕೂತುಬಿಟ್ಟರೆ ಹಿಂದಿನ ಬೈಟ್ ಮೇಲೆ ಮುಂದಿನದು ಬಿದ್ದು ಡೇಟಾ ಹೋಗುತ್ತದೆ. ಆದ್ದರಿಂದ ಐಎಸ್‌ಆರ್ ಬೈಟ್ ಎತ್ತಿಕೊಂಡು ಕ್ಯೂಗೆ ಹಾಕಿ ಹೊರಡುತ್ತದೆ. ಅದನ್ನು ಬಿಡಿಸಿ ಅರ್ಥ ಮಾಡುವುದು ಬಳಿಕ ಓಡುವ ಸಾಮಾನ್ಯ ಪ್ರೋಗ್ರಾಮ್, ಅಂದರೆ ಟಾಸ್ಕ್‌ನ ಪಾಲು.

ರಿಚರ್ಡ್ ಬ್ಯಾರಿ 2003ರಲ್ಲಿ ಆರಂಭಿಸಿದ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಫ್ರೀಆರ್‌ಟಿಒಎಸ್‌ನಲ್ಲಿ ಐಎಸ್‌ಆರ್‌ನಿಂದ ಕರೆಯಲೆಂದೇ ‘ಫ್ರಮ್‌ಐಎಸ್‌ಆರ್’ ಎಂದು ಕೊನೆಗೊಳ್ಳುವ ಪ್ರತ್ಯೇಕ ಫಂಕ್ಷನ್‌ಗಳಿವೆ, ಏಕೆಂದರೆ ಐಎಸ್‌ಆರ್ ಯಾವುದಕ್ಕೂ ಕಾಯುತ್ತ ನಿಲ್ಲುವಂತಿಲ್ಲ. ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ಆದ್ಯತೆಯ ಸಂಖ್ಯೆ ಕಡಿಮೆಯಾದಷ್ಟೂ ಆದ್ಯತೆ ಹೆಚ್ಚು. ಹೊಸಬರು ಎಡವುವುದು ಇಲ್ಲೇ. ಒಂದು ಮಿತಿಗಿಂತ ಮೇಲಿನ ಆದ್ಯತೆಯ ಇಂಟರಪ್ಟ್‌ಗಳನ್ನು ಫ್ರೀಆರ್‌ಟಿಒಎಸ್‌ನ ತಿರುಳಾದ ಕರ್ನಲ್ ಎಂದೂ ತಡೆಯುವುದಿಲ್ಲ, ಪ್ರತಿಯಾಗಿ ಅವು ಕರ್ನಲ್‌ನ ಫಂಕ್ಷನ್‌ಗಳನ್ನು ಕರೆಯುವಂತಿಲ್ಲ.

ಇಂತಿಷ್ಟು ಸಮಯದೊಳಗೆ ಎಂಬ ಕರಾರು ಅತ್ಯಂತ ಬಿಗಿಯಾಗುವುದು ವಿಮಾನದಲ್ಲಿ. 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ಯಲಹಂಕದ ಆಗಸದಲ್ಲಿ ಮಗುಚಿ ಹಾರುವ ತೇಜಸ್ ಯುದ್ಧವಿಮಾನ ತಾನಾಗಿ ಸ್ಥಿರವಾಗಿರುವಂಥದ್ದಲ್ಲ. ನಾಲ್ಕು ವಾಹಿನಿಗಳ ಡಿಜಿಟಲ್ ನಿಯಂತ್ರಣ ಕಂಪ್ಯೂಟರ್ ಅದನ್ನು ಕ್ಷಣಕ್ಷಣವೂ ತಿದ್ದುತ್ತಿರಬೇಕು. ಇಂಥ ಕಡೆ ಪ್ರತಿ ಸೆನ್ಸರ್‌ಗೂ ಬೇಕೆಂದಾಗ ಇಂಟರಪ್ಟ್ ಮಾಡಲು ಬಿಟ್ಟರೆ ಗರಿಷ್ಠ ವಿಳಂಬ ಲೆಕ್ಕಕ್ಕೇ ಸಿಗದು. ಅದಕ್ಕೇ ವಿಮಾನ ನಿಯಂತ್ರಣದಲ್ಲಿ ಒಂದು ಟೈಮರ್ ಇಂಟರಪ್ಟ್‌ನ ತಾಳಕ್ಕೆ ಎಲ್ಲ ಕೆಲಸವನ್ನೂ ಹೊಂದಿಸಿ, ಪ್ರತಿ ಆವರ್ತದಲ್ಲಿ ಸೆನ್ಸರ್‌ಗಳನ್ನು ಕಂಪ್ಯೂಟರೇ ಹೋಗಿ ಓದುವುದು ವಾಡಿಕೆ.

ವಿಳಂಬವನ್ನು ಅಳೆಯುವ ಉಪಾಯ ಸರಳ. ಐಎಸ್‌ಆರ್‌ನ ಮೊದಲ ಸಾಲಿನಲ್ಲಿ ಒಂದು ಪಿನ್ ಮೇಲೇರಿಸಿ, ಕೊನೆಯ ಸಾಲಿನಲ್ಲಿ ಇಳಿಸಿ, ಆಸಿಲೋಸ್ಕೋಪಿನ ಒಂದು ಪ್ರೋಬನ್ನು ಇಂಟರಪ್ಟ್ ತಂತಿಗೂ ಇನ್ನೊಂದನ್ನು ಆ ಪಿನ್‌ಗೂ ಹಚ್ಚುತ್ತಾರೆ. ಇಂಟರಪ್ಟ್ ಬಂದ ಅಂಚಿಗೂ ಪಿನ್ ಏರಿದ ಅಂಚಿಗೂ ನಡುವಿನ ಅಂತರವೇ ವಿಳಂಬ. ಮೋಟಾರು, ಸೀರಿಯಲ್ ಪೋರ್ಟ್, ಡಿಸ್‌ಪ್ಲೇ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿ, ಪರದೆಯ ಗೆರೆಗಳನ್ನು ಅಳಿಸದೆ ರಾತ್ರಿಯಿಡೀ ಬಿಟ್ಟರೆ, ಬೆಳಗ್ಗೆ ಅತಿ ಬಲಕ್ಕೆ ಸರಿದ ಗೆರೆಯಲ್ಲಿ ಆ ರಾತ್ರಿಯ ಗರಿಷ್ಠ ವಿಳಂಬವನ್ನು ಓದಿಕೊಳ್ಳಬಹುದು.